ನುಡಿ ಹಾಕ್ಬಿಡಪ್ಪ!

ಬೆಂಗಳೂರಿನ ಹೆಬ್ಬಾಳ ಮೇಲ್ಸೇತುವೆಯ ಗದ್ದಲ ದಾಟಿ ಕೆಂಪಾಪುರದ ಮುಖ್ಯರಸ್ತೆಗೆ ಹೊರಳಿದರೆ ಕಾಲೇಜು, ಪಿ.ಜಿ., ದರ್ಶಿನಿಗಳ ಸಾಲಿನಲ್ಲಿ ಜೆರಾಕ್ಸ್ ಅಂಗಡಿಗಳೂ ಸಿಗುತ್ತವೆ. ಜೆರಾಕ್ಸ್, ಸ್ಪೈರಲ್ ಬೈಂಡಿಂಗ್, ಪಾನ್ ಕಾರ್ಡ್, ಕನ್ನಡ ಟೈಪಿಂಗ್ ಎಲ್ಲವೂ ಬೋರ್ಡಿನ ಮೇಲೆ ಒಂದರ ಕೆಳಗೊಂದು. ಇಂಥ ಅಂಗಡಿಯ ಕಂಪ್ಯೂಟರ್ ಕೈಕೊಟ್ಟು ಫಾರ್ಮ್ಯಾಟ್ ಮಾಡಿಸಬೇಕಾಗಿ ಬಂದಾಗ ಸರ್ವಿಸ್ ಹುಡುಗನಿಗೆ ಮಾಲೀಕರು ಹೇಳುವ ಮಾತು ಒಂದೇ: “ವಿಂಡೋಸ್ ಆದ್ಮೇಲೆ ನುಡಿ ಹಾಕ್ಬಿಡಪ್ಪ.” ಯಾವ ಆವೃತ್ತಿ, ಯಾವ ಫಾಂಟು, ಯಾವ ಕೀಲಿಮಣೆ ಎಂದೇನೂ ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ, ‘ನುಡಿ’ ಎಂಬ ಕನ್ನಡ ತಂತ್ರಾಂಶ ಹಾಕಿದರೆ ಅವೆಲ್ಲ ಒಟ್ಟಿಗೇ ಬಂದು ಕೂರುತ್ತವೆ.

ಅದೇ ಕೆಂಪಾಪುರದ ಅಪಾರ್ಟ್‌ಮೆಂಟುಗಳಲ್ಲಿ ಇನ್ನೊಂದು ಜಾತಿಯ ಕಂಪ್ಯೂಟರುಗಳಿವೆ. ಹೊರವರ್ತುಲ ರಸ್ತೆ ಹಿಡಿದರೆ ಮಾನ್ಯತಾ ಟೆಕ್ ಪಾರ್ಕ್ ಹತ್ತಿರವೇ. ಅಲ್ಲಿ ದುಡಿದು ಬಂದು ರಾತ್ರಿ ಸ್ವಂತ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಹಾಕಿಕೊಂಡು, ತಮಗೆ ಬೇಡದ್ದನ್ನೆಲ್ಲ ಕಿತ್ತುಹಾಕಿ, ಬೇಕಾದ್ದನ್ನು ಒಂದೊಂದಾಗಿ ಸೇರಿಸಿಕೊಳ್ಳುವವರು ಇವರು. ಇವರ ಕಂಪ್ಯೂಟರಿನಲ್ಲೂ ಕನ್ನಡ ಇದೆ. ಆದರೆ ಯಾವುದೋ ಒಂದು ಸೆಟಪ್ ಫೈಲ್ ಒತ್ತಿದ್ದರಿಂದ ಬಂದದ್ದಲ್ಲ; ಕೂತು ಕಟ್ಟಿಕೊಂಡದ್ದು.

ಹೊಸಬರಿಗೆ ಸಿದ್ಧ ಪ್ಯಾಕೇಜು, ಪಳಗಿದವರಿಗೆ ತಾವೇ ಜೋಡಿಸಿಕೊಂಡ ವ್ಯವಸ್ಥೆ ಎನ್ನುವುದು ಕಂಪ್ಯೂಟರ್ ಕಲಿಸುವವರ ಹಳೆಯ ಸೂತ್ರ. ಕನ್ನಡದ ತಂತ್ರಾಂಶಗಳು ಬೆಳೆದು ಬಂದ ದಾರಿ ನೋಡಿದರೆ ಈ ಸೂತ್ರ ಅರ್ಧಕ್ಕೇ ನಿಂತುಬಿಡುತ್ತದೆ. ಬಳಸುವವನ ಅನುಭವ ಎಷ್ಟು ಎಂದು ಕೇಳುವ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: ಆ ತಂತ್ರಾಂಶದೊಳಗೆ ಕೂತು ಬರೆದದ್ದು ಅದರಿಂದ ಹೊರಗೆ ಹೋಗಿ ಬದುಕುತ್ತದೆಯೇ? ಈ ಪ್ರಶ್ನೆಯನ್ನು ಸಕಾಲದಲ್ಲಿ ಕೇಳದಿದ್ದುದರಿಂದ ಎರಡು ದಶಕಗಳ ಕನ್ನಡ ಕಡತಗಳು ಇವತ್ತು ಅರ್ಧ ಸತ್ತ ಸ್ಥಿತಿಯಲ್ಲಿವೆ.

ತೊಂಬತ್ತರ ದಶಕಕ್ಕೆ ಹೋಗೋಣ. ಆಗ ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವುದು ಮುದ್ರಣಾಲಯಗಳ ಬಾಬತ್ತು. ಬೆಂಗಳೂರಿನ ಸೊನಾಟ ಕಂಪನಿಯ ಪ್ರಕಾಶಕ್, ಸೈಬರ್‌ಸ್ಕೇಪ್‌ನವರ ಆಕೃತಿ, ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ ಚಾಲ್ತಿಯಲ್ಲಿದ್ದವು. ಹಣ ಕೊಟ್ಟು ಕೊಳ್ಳಬೇಕು. ಶ್ರೀಲಿಪಿಯಂಥವಕ್ಕೆ ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸುವ ಪುಟ್ಟದೊಂದು ಬೀಗ ಬೇರೆ. ‘ಡಾಂಗಲ್’ ಎಂಬ ಆ ಬೀಗ ಕಳೆದರೆ ಕನ್ನಡವೂ ಕಳೆದ ಹಾಗೆ. ಒಂದರಲ್ಲಿ ಬೆರಳಚ್ಚಿಸಿದ್ದು ಇನ್ನೊಂದರಲ್ಲಿ ತೆರೆಯುತ್ತಿರಲಿಲ್ಲ. ಮನೆಯಲ್ಲಿ ಕೂತು ಕತೆ ಬರೆಯುವ ಮೇಷ್ಟ್ರಿಗೆ, ಅಮೆರಿಕದಿಂದ ತಾಯಿಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯಬೇಕೆನ್ನುವ ಮಗನಿಗೆ ಇವು ಯಾವುವೂ ಒದಗುವಂಥವಲ್ಲ.

1998ರ ಜನವರಿಯಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂತು. ಅಂತರ್ಜಾಲದಿಂದ ಇಳಿಸಿಕೊಂಡು ‘ನೆಕ್ಸ್ಟ್, ನೆಕ್ಸ್ಟ್, ಫಿನಿಶ್’ ಒತ್ತಿದರೆ ಮುಗಿಯಿತು. ಇಂಗ್ಲಿಷ್ ಅಕ್ಷರಗಳಲ್ಲೇ ಉಚ್ಚಾರದಂತೆ ಒತ್ತುತ್ತ ಹೋದರೆ ಕನ್ನಡ ಮೂಡುತ್ತಿತ್ತು. ಕೆಲವೇ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ರಾಜ್ಯ ಸರ್ಕಾರದ ಬೆಂಬಲದೊಂದಿಗೆ ಉಚಿತವಾಗಿ ಸಿಕ್ಕಿತು. ಎರಡರದ್ದೂ ಒಂದೇ ಮಾದರಿ: ಹತ್ತಾರು ಫಾಂಟುಗಳು, ಕೀಲಿಮಣೆಯ ಒತ್ತುಗಳನ್ನು ಕನ್ನಡವಾಗಿಸುವ ಎಂಜಿನ್, ಬರೆಯಲು ಒಂದು ಎಡಿಟರ್. ನುಡಿಗೆ ಸ್ಕ್ರೋಲ್ ಲಾಕ್ ಕೀಲಿ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ಬೇರೆ ಯಾರೂ ಕೈಯಿಡದ ಆ ಕೀಲಿಗೆ ಕರ್ನಾಟಕದಲ್ಲಿ ಸಿಕ್ಕಷ್ಟು ಕೆಲಸ ಜಗತ್ತಿನಲ್ಲಿ ಬೇರೆಲ್ಲೂ ಸಿಕ್ಕಿರಲಾರದು. ಸ್ಕ್ರೋಲ್ ಲಾಕ್ ಇಲ್ಲದ ಲ್ಯಾಪ್‌ಟಾಪುಗಳು ಬಂದಾಗ ಅದೊಂದೇ ಕಾರಣಕ್ಕೆ ಹೊರಗಿನಿಂದ ಕೀಬೋರ್ಡು ತಂದು ಸಿಕ್ಕಿಸಿಕೊಂಡ ಗುಮಾಸ್ತರಿದ್ದಾರೆ.

ಈ ಪ್ಯಾಕೇಜುಗಳ ಉಪಕಾರವನ್ನು ಕಡಿಮೆ ಮಾಡಿ ಹೇಳಬಾರದು. ತಾಲ್ಲೂಕು ಕಚೇರಿಯ ನೋಟಿಸು, ಗ್ರಾಮ ಪಂಚಾಯಿತಿಯ ನಡಾವಳಿ, ಶಾಲೆಯ ಪ್ರಶ್ನೆಪತ್ರಿಕೆ, ಮದುವೆಯ ಕರೆಯೋಲೆ, ಸಣ್ಣ ಊರಿನ ವಾರಪತ್ರಿಕೆ, ಇವೆಲ್ಲ ಬೆರಳಚ್ಚು ಯಂತ್ರ ಬಿಟ್ಟು ಕಂಪ್ಯೂಟರಿಗೆ ಬಂದದ್ದು ಇವುಗಳಿಂದ. ಫಾಂಟು ಎಂದರೇನು, ಸಂಕೇತ ಎಂದರೇನು ಎಂದು ಒಬ್ಬ ಗುಮಾಸ್ತರಿಗೂ ಪಾಠ ಹೇಳಬೇಕಾಗಲಿಲ್ಲ. ಹೇಳಹೊರಟಿದ್ದರೆ ಇನ್ನೂ ಯಂತ್ರದಲ್ಲೇ ಕುಟ್ಟುತ್ತ ಕೂತಿರುತ್ತಿದ್ದೆವು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಜೋಡಿಸಿದ ಕಂಪ್ಯೂಟರಿನಲ್ಲಿ ವಿಂಡೋಸ್ ಎಕ್ಸ್‌ಪಿ, ಆಫೀಸ್, ಸಿನಿಮಾ ನೋಡಲು ವಿಎಲ್‌ಸಿ, ಜತೆಗೆ ನುಡಿ ಎಂದು ಎಲ್ಲ ತುಂಬಿಸಿ ಕೊಡುತ್ತಿದ್ದರಲ್ಲ, ಕನ್ನಡ ಮನೆಮನೆಗೆ ಹೋದದ್ದು ಆ ಕ್ಯಾರಿಯರಿನಲ್ಲೇ.

ಇಷ್ಟು ಒಳ್ಳೆಯದು ಮಾಡಿದ ತಂತ್ರಾಂಶದ ಒಳಗೆ ಏನಿತ್ತು ಎಂದು ಒಂದು ಪದ ಹಿಡಿದು ನೋಡಬೇಕು. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ.

ನುಡಿಯ ಕೀಲಿಮಣೆ ವಿನ್ಯಾಸದ ಮೂಲ ಕಿನ್ನಿಕಂಬಳ ಪದ್ಮನಾಭ ರಾವ್ ಅವರದ್ದು, ಅಂದರೆ ನಮ್ಮ ಕೆ.ಪಿ. ರಾವ್. ಮಾನೊಟೈಪ್‌ನಲ್ಲಿ ಅಕ್ಷರ ಜೋಡಣೆಯ ಕೆಲಸ ಮಾಡಿದ್ದವರು. ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಕನ್ನಡ ವರ್ಣಮಾಲೆ ಕೂರಿಸಿದರು, ಅದನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಅದರಲ್ಲಿ ‘ಕನ್ನಡ’ ಬರೆಯಲು ಐದೇ ಒತ್ತು: ‘ಕೆ’ ಒತ್ತಿದರೆ ಕ, ‘ಎನ್’ ಒತ್ತಿದರೆ ನ, ಒತ್ತಕ್ಷರ ಕೂಡಿಸಲು ‘ಎಫ್’, ಮತ್ತೆ ‘ಎನ್’, ಕೊನೆಗೆ ಡಕಾರಕ್ಕೆ ‘ಡಬ್ಲ್ಯು’. ಭಾಷೆಯ ವ್ಯಾಕರಣವೂ ಹೀಗೇ: ಕ, ನ, ಸಂಯೋಜಕ, ನ, ಡ. ಐದು ಒತ್ತಿಗೆ ಐದು ಘಟಕ. ಜಾಗತಿಕ ಸಂಕೇತ ವ್ಯವಸ್ಥೆಯಾದ ಯೂನಿಕೋಡ್‌ನಲ್ಲಿ ಈ ಪದ ಶೇಖರವಾಗುವುದೂ ಇದೇ ಐದು ಸಂಕೇತಗಳಾಗಿ, ಇದೇ ಅನುಕ್ರಮದಲ್ಲಿ. ಅಂದರೆ ರಾವ್ ಅವರ ಕೀಲಿಮಣೆ ತರ್ಕದಲ್ಲಿ ಯೂನಿಕೋಡ್‌ಗೆ ಪಕ್ಕದ ಮನೆ.

ಆದರೆ ಹಳೆಯ ನುಡಿ ಕಡತದಲ್ಲಿ ಉಳಿಯುತ್ತಿದ್ದುದು ಬೇರೆಯೇ. ಅಲ್ಲಿ ಅಕ್ಷರಗಳು ಇರಲಿಲ್ಲ, ಅಕ್ಷರದ ಚೂರುಗಳಿದ್ದವು. ಯುರೋಪಿನ ಲಿಪಿಗಳಿಗೆಂದು ಮೀಸಲಾದ ಮನೆಗಳಲ್ಲಿ ಕನ್ನಡದ ಚಿತ್ರಗಳನ್ನು ತಂದು ಕೂರಿಸಿದ್ದರು. ‘ಕ’ ಎಂದರೆ ಇಂಗ್ಲಿಷಿನ ದೊಡ್ಡ ‘ಪಿ’ಯ ಜಾಗದಲ್ಲಿರುವ ತಲೆಕಟ್ಟಿಲ್ಲದ ಮೈ, ಮೇಲೆ ಗೀಟಿರುವ ‘ಎ’ಯ ಜಾಗದಲ್ಲಿರುವ ತಲೆಕಟ್ಟು. ‘ನ’ ಎಂದರೆ ಇಂಗ್ಲೆಂಡಿನ ಪೌಂಡ್ ಚಿಹ್ನೆ, ಮತ್ತೆ ಅದೇ ತಲೆಕಟ್ಟು. ಕೆಳಗಿನ ನಕಾರದ ಒತ್ತು ಜರ್ಮನ್ನರ ಜೋಡಿ ‘ಎಸ್’. ‘ಡ’ ಎಂದರೆ ಸಣ್ಣ ‘ಕ್ಯೂ’, ಮತ್ತೊಮ್ಮೆ ತಲೆಕಟ್ಟು. ಒಟ್ಟು ಏಳು ಚೂರು. ನುಡಿಯ ಫಾಂಟು ಇರುವ ಕಂಪ್ಯೂಟರಿನಲ್ಲಿ ಇವು ಕೂಡಿ ‘ಕನ್ನಡ’ ಎಂದು ಕಾಣುತ್ತವೆ. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಪಿ, ಪೌಂಡು, ಕ್ಯೂಗಳ ಕಿಚಡಿ. ಕಂಪ್ಯೂಟರಿನ ಮಟ್ಟಿಗೆ ಅದು ಎಂದೂ ಕನ್ನಡವಾಗಿರಲೇ ಇಲ್ಲ. ಮನುಷ್ಯರ ಕಣ್ಣಿಗೆ ಮಾತ್ರ ಕನ್ನಡ.

ಇದಕ್ಕೆ ಯಾರನ್ನೂ ದೂರಬೇಕಿಲ್ಲ. ವಿಂಡೋಸ್ 98ರ ಕಾಲಕ್ಕೆ ಬೇರೆ ದಾರಿ ಇರಲಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ ಆದರೂ ವಿಂಡೋಸ್ ಅದನ್ನು ಸರಿಯಾಗಿ ತೋರಿಸುವಂತಾದದ್ದು 2001ರ ಎಕ್ಸ್‌ಪಿಯಲ್ಲಿ, ‘ತುಂಗಾ’ ಫಾಂಟಿನ ಜತೆ. ಪ್ರಶ್ನೆ ಇರುವುದು ಆಮೇಲಿನದ್ದರ ಬಗ್ಗೆ. ದಾರಿ ತೆರೆದ ಮೇಲೂ ವರ್ಷಗಟ್ಟಲೆ ನಾವು ಹಳೆಯ ಸಂಕೇತದಲ್ಲೇ ಬರೆದೆವು. ಸಿದ್ಧ ಪ್ಯಾಕೇಜಿನ ಗುಣವೇ ಅದು: ಒಳಗೆ ಏನಿದೆ ಎಂದು ಬಳಸುವವರು ಯೋಚಿಸದಂತೆ ನೋಡಿಕೊಳ್ಳುವುದು ಅದರ ಕೆಲಸ, ಅದನ್ನು ಚೆನ್ನಾಗಿ ಮಾಡಿದ ಪ್ಯಾಕೇಜು ಬದಲಾವಣೆಯ ಅಗತ್ಯವನ್ನೂ ಮರೆಮಾಡುತ್ತದೆ. ನುಡಿಯಲ್ಲಿ ಯೂನಿಕೋಡ್ ಆಯ್ಕೆ ಬಂದ ಮೇಲೂ ಅದನ್ನು ಮುಟ್ಟದವರೇ ಹೆಚ್ಚು. ಒತ್ತುವ ಕೀಲಿ ಅದೇ, ಪರದೆಯ ಮೇಲೆ ಕಾಣುವ ಅಕ್ಷರವೂ ಅದೇ. ಬದಲಾಯಿಸಲು ಕಾರಣವಾದರೂ ಏನು?

ಕಾರಣ ತಿಳಿಯುವುದು ಹುಡುಕುವಾಗ. ಈ ಹಳೆಯ ಸಂಕೇತದ, ಅಂದರೆ ‘ಆಸ್ಕಿ’ ಎಂದು ಕರೆಯುವ ಫಾಂಟಿನಲ್ಲಿ ಮಾಡಿದ ಪಿಡಿಎಫ್ ತೆರೆದು ‘ಹೆಬ್ಬಾಳ’ ಎಂದು ಹುಡುಕಿ ನೋಡಿ. ಕಣ್ಣೆದುರಿಗೇ ಹೆಬ್ಬಾಳ ಇರುತ್ತದೆ, ಕಂಪ್ಯೂಟರ್ ‘ಇಲ್ಲ’ ಎನ್ನುತ್ತದೆ. ಗೂಗಲ್‌ಗೂ ಅದು ಸಿಗದು, ಕುರುಡರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅರ್ಥವಾಗದು. ಕಾಗುಣಿತ ತಪ್ಪು ಹಿಡಿಯುವುದು, ಅಕಾರಾದಿ ಜೋಡಿಸುವುದು, ಅನುವಾದ ಯಂತ್ರಕ್ಕೆ ಕೊಡುವುದು ಯಾವುದೂ ಆಗದು. ಇವತ್ತು ಕೃತಕ ಬುದ್ಧಿಮತ್ತೆಗೆ ಕಲಿಸಲು ಕನ್ನಡದ ಪಠ್ಯ ಕಡಿಮೆ ಎಂದು ಕೊರಗುತ್ತೇವೆ. ಬರೆದದ್ದು ಕಡಿಮೆಯೇನಲ್ಲ, ಎಷ್ಟೋ ಪುಸ್ತಕ, ಪತ್ರಿಕೆ, ಸುತ್ತೋಲೆಗಳು ಪಿ, ಪೌಂಡು, ಕ್ಯೂಗಳಾಗಿ ಕೂತಿವೆ.

ಈಗ ಕೆಂಪಾಪುರದ ಡಿಟಿಪಿ ಅಂಗಡಿಯೊಳಗೆ ಬರೋಣ. ಸೂತ್ರದ ಪ್ರಕಾರ ಇಲ್ಲಿ ಕೂತವರು ‘ಸಾಮಾನ್ಯ ಬಳಕೆದಾರರು’, ಸಿದ್ಧ ಪ್ಯಾಕೇಜಿನವರು. ಒಂದಿಷ್ಟು ಹೊತ್ತು ನಿಂತು ನೋಡಿದರೆ ಸಾಕು, ಆ ಭ್ರಮೆ ಹರಿಯುತ್ತದೆ. ಕರಡಿನ ಮೇಲೆ ಕಣ್ಣು, ಕೀಲಿಗಳ ಮೇಲೆ ಕೈ. ಪರದೆ ನೋಡುವುದೇ ಇಲ್ಲ. ಬಾಡಿಗೆ ಕರಾರು ಪತ್ರ ಒಂದು ಟೀ ಕುಡಿಯುವುದರೊಳಗೆ ತಯಾರು. ಅಲ್ಲಿನ ಕಂಪ್ಯೂಟರಿನಲ್ಲಿ ಹಳೆಯ ವಿಂಡೋಸ್ ಹಾಗೇ ಉಳಿದಿರುತ್ತದೆ, ಇಂಟರ್ನೆಟ್ ಬೇರೆ ಕಂಪ್ಯೂಟರಿಗೆ. ಯಾಕೆ ಎಂದರೆ “ಅಪ್‌ಡೇಟ್ ಆದ್ರೆ ಪೇಜ್‌ಮೇಕರ್ ಹೋಗುತ್ತೆ ಸಾರ್” ಎಂಬ ಉತ್ತರ. ಅಡೋಬಿಯವರ ಪುಟವಿನ್ಯಾಸ ತಂತ್ರಾಂಶ ಪೇಜ್‌ಮೇಕರ್ 7.0 ಬಂದದ್ದು 2001ರಲ್ಲಿ, ಅದೇ ಕೊನೆಯ ಆವೃತ್ತಿ. ಅದಕ್ಕೆ ಯೂನಿಕೋಡ್ ಕನ್ನಡ ಗೊತ್ತಿಲ್ಲ. ಆದರೆ ಕರೆಯೋಲೆ, ಕರಪತ್ರ, ಕವನ ಸಂಕಲನಗಳ ಟೆಂಪ್ಲೇಟುಗಳೆಲ್ಲ ಅದರಲ್ಲೇ ಇವೆ. ಯಾವ ಫಾಂಟಿನಲ್ಲಿ ಯಾವ ಒತ್ತು ಸ್ವಲ್ಪ ಬಲಕ್ಕೆ ಸರಿಯುತ್ತದೆ, ಅದನ್ನು ಕರ್ನಿಂಗ್ ಕೊಟ್ಟು ಎಷ್ಟು ಎಳೆಯಬೇಕು ಎಂಬುದೆಲ್ಲ ಕೈಗೆ ಗೊತ್ತು.

ಇದನ್ನು ಕಸ್ಟಮ್ ವ್ಯವಸ್ಥೆ ಎನ್ನದೆ ಇನ್ನೇನೆನ್ನಬೇಕು? ಯಾವ ಕೈಪಿಡಿಯಲ್ಲೂ ಇಲ್ಲದ, ವರ್ಷಗಳ ದುಡಿಮೆಯಲ್ಲಿ ಕಟ್ಟಿಕೊಂಡ ವ್ಯವಸ್ಥೆ ಅದು. ಇಂಥವರಿಗೆ “ಯೂನಿಕೋಡ್‌ಗೆ ಬನ್ನಿ, ಅದು ಸುಲಭ” ಎಂದು ಹೇಳುವುದು ತಿಳಿಗೇಡಿತನ. ಅವರಿಗೆ ಅದು ಸುಲಭವಲ್ಲ, ಸಂಪಾದನೆಗೆ ಕತ್ತರಿ. ಪುಟವಿನ್ಯಾಸದ ಇನ್ನೊಂದು ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಕನ್ನಡ ಸರಿಯಾಗಿ ಕೂರುವಂತಾದದ್ದು 2012ರ ಸಿಎಸ್6 ಆವೃತ್ತಿಯಿಂದ. ಅದರಲ್ಲೂ ಪ್ಯಾರಾಗ್ರಾಫ್ ಮೆನುವಿಗೆ ಹೋಗಿ ‘ವರ್ಲ್ಡ್ ರೆಡಿ ಕಂಪೋಸರ್’ ಆರಿಸದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ. ಆ ಒಂದು ಆಯ್ಕೆ ಎಲ್ಲಿದೆ ಎಂದು ಹೇಳುವವರಿಲ್ಲದೆ ಎಷ್ಟು ಜನ “ಯೂನಿಕೋಡ್‌ನಲ್ಲಿ ಕನ್ನಡ ಬರಲ್ಲ” ಎಂದು ತೀರ್ಮಾನಿಸಿ ಪೇಜ್‌ಮೇಕರಿಗೆ ವಾಪಸು ಹೋದರೋ!

ಇನ್ನು ಅಪಾರ್ಟ್‌ಮೆಂಟಿನ ಲಿನಕ್ಸ್ ಎಂಜಿನಿಯರು. ತೀರಾ ಕನಿಷ್ಠ ಸಾಮಗ್ರಿಯ ಲಿನಕ್ಸ್ ಹಾಕಿದ ಮೊದಲ ದಿನ ಅವರ ಪರದೆಯ ಮೇಲೆ ಕನ್ನಡದ ಬದಲು ಖಾಲಿ ಚೌಕಗಳ ಸಾಲು. ಆಗಲೇ ತಿಳಿಯುವುದು ಕನ್ನಡ ಕಾಣಿಸಬೇಕಾದರೆ ಎಷ್ಟು ಕೈಗಳು ಸೇರಬೇಕು ಎಂದು. ಕಡತದಲ್ಲಿ ಯೂನಿಕೋಡ್ ಸಂಕೇತ ಇರಬೇಕು, ಅದು ಮೊದಲನೆಯದು. ಆಮೇಲೆ ಓಪನ್‌ಟೈಪ್ ಫಾಂಟು: ಗೂಗಲ್‌ನ ನೋಟೊ ಆಗಬಹುದು, ಅರವಿಂದ ವಿ.ಕೆ. ಅವರ ಗುಬ್ಬಿ, ನವಿಲು ಆಗಬಹುದು. ಸಂಕೇತಗಳನ್ನು ನೋಡಿ ‘ಇಲ್ಲಿ ಒತ್ತು ಬರಬೇಕು, ಇಲ್ಲಿ ಅರ್ಕಾವತ್ತು’ ಎಂದು ನಿರ್ಧರಿಸುವ ಹಾರ್ಫ್‌ಬಜ್‌ನಂಥ ಎಂಜಿನ್ ನಡುವೆ ಕೂರುತ್ತದೆ. ಬೆರಳೊತ್ತನ್ನು ಸಂಕೇತವಾಗಿಸಲು ಐಬಸ್‌ನಂಥ ಇನ್‌ಪುಟ್ ವ್ಯವಸ್ಥೆ ಬೇಕು. ಇಷ್ಟಾದ ಮೇಲೂ ಬಳಸುವ ಅಪ್ಲಿಕೇಷನ್ ಇದಕ್ಕೆಲ್ಲ ಒಪ್ಪಬೇಕು; ಲಿನಕ್ಸ್‌ನವರು ದಿನವಿಡೀ ತೆರೆದಿಡುವ ಕಪ್ಪು ಟರ್ಮಿನಲ್ ಇವತ್ತಿಗೂ ಕನ್ನಡದ ಒತ್ತಕ್ಷರ ಕಂಡರೆ ಎಡವುತ್ತದೆ. ಹಳೆಯ ನುಡಿಯಲ್ಲಿ ಈ ಕೆಲಸವನ್ನೆಲ್ಲ ಫಾಂಟು ಮತ್ತು ಎಂಜಿನ್ ತಮ್ಮ ತಮ್ಮಲ್ಲೇ ಮುಗಿಸುತ್ತಿದ್ದವು. ಇಲ್ಲಿ ಕೆಲಸ ಹಂಚಿಹೋಗಿದೆ. ಹಂಚಿಹೋದದ್ದರಿಂದಲೇ ಫಾಂಟು ಬದಲಾಯಿಸಿದರೂ ಬರಹ ಕೆಡುವುದಿಲ್ಲ, ಕೀಲಿಮಣೆ ಬದಲಾಯಿಸಿದರೂ ಕಡತ ಹಾಗೇ ಇರುತ್ತದೆ. ಒಂದು ಭಾಗ ಕೆಟ್ಟರೆ ಅದನ್ನಷ್ಟೇ ಬದಲಿಸಬಹುದು. ಆದರೆ ಯಾವ ಭಾಗ ಕೆಟ್ಟಿದೆ ಎಂದು ಗೊತ್ತಾಗಬೇಕಲ್ಲ, ಅಲ್ಲಿದೆ ಅನುಭವದ ಪಾತ್ರ.

‘ಸಾಫ್ಟ್‌ವೇರ್’ ಎಂದು ಬರೆದು ನೋಡಿ. ಟಕಾರದ ನಂತರ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕದಿದ್ದರೆ ವಕಾರ ಹೋಗಿ ಟಕಾರದ ಕಾಲಿಗೆ ಒತ್ತಾಗಿ ಜೋತುಬೀಳುತ್ತದೆ. ಹೊಸಬರು ಅದನ್ನು ‘ಕಂಪ್ಯೂಟರ್ ಕನ್ನಡದ ದೋಷ’ ಎಂದು ಬಿಟ್ಟುಬಿಡುತ್ತಾರೆ. ಕೀಲಿಮಣೆ ಜೋಡಿಸಿಕೊಂಡವರಿಗೆ ಆ ಅದೃಶ್ಯ ಸಂಕೇತ ಯಾವ ಕೀಲಿಯಲ್ಲಿದೆ ಎಂದು ಗೊತ್ತಿರುತ್ತದೆ.

ಇಲ್ಲೊಂದು ತಮಾಷೆಯೂ ಇದೆ. ಲಿನಕ್ಸ್ ಎಂದರೆ ಪಂಡಿತರದ್ದು, ವಿಂಡೋಸ್ ಎಂದರೆ ಪಾಮರರದ್ದು ಎಂಬುದು ಲೋಕರೂಢಿ. ಆದರೆ ಉಬುಂಟು ಹಾಕಿ ಕೀಬೋರ್ಡ್ ಸೆಟ್ಟಿಂಗ್ಸ್‌ಗೆ ಹೋದರೆ ಪಟ್ಟಿಯಲ್ಲಿ ‘ಕಗಪ’ ಎಂಬ ಹೆಸರಿನ ಕೀಲಿಮಣೆ ತಾನಾಗೇ ಇರುತ್ತದೆ. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು; ನುಡಿಯಲ್ಲಿರುವ ಅದೇ ಕೆ.ಪಿ. ರಾವ್ ವಿನ್ಯಾಸ. ಕನ್ನಡಕ್ಕೆ ಮಾತ್ರವಲ್ಲ, ಹಿಂದಿ, ಮರಾಠಿ, ಸಂಸ್ಕೃತ, ತೆಲುಗಿಗೂ ಅದೇ ಹೆಸರಿನ ವಿನ್ಯಾಸ ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಿದೆ. ವಿಂಡೋಸ್‌ನಲ್ಲಿ? ಕನ್ನಡ ಸೇರಿಸಿದರೆ ಸಿಗುವುದು ಇನ್‌ಸ್ಕ್ರಿಪ್ಟ್, ಮತ್ತು 2019ರ ಮೇ ತಿಂಗಳ ವಿಂಡೋಸ್ 10ರಿಂದ ಬಂದ ಫೊನೆಟಿಕ್. ಕೆ.ಪಿ. ರಾವ್ ವಿನ್ಯಾಸ ಬೇಕಾದರೆ ಹೊರಗಿನಿಂದ ತಂತ್ರಾಂಶ ತಂದು ಹಾಕಿಕೊಳ್ಳಬೇಕು. ಕರ್ನಾಟಕದ ಕಚೇರಿಗಳಲ್ಲಿ ಕೈ ಪಳಗಿದ ಗುಮಾಸ್ತರಿಗೆ ಸಿದ್ಧವಾಗಿ ಸಿಗುವುದು ಪಂಡಿತರ ಲಿನಕ್ಸ್‌ನಲ್ಲಿ, ಒದ್ದಾಡಿ ಜೋಡಿಸಿಕೊಳ್ಳಬೇಕಾದದ್ದು ಪಾಮರರ ವಿಂಡೋಸ್‌ನಲ್ಲಿ.

ತಾವೇ ಕಟ್ಟಿಕೊಂಡವರ ಕಷ್ಟ ಬೇರೆ. ಆ ಲ್ಯಾಪ್‌ಟಾಪಿನಲ್ಲಿ ಮನೆಯ ಇನ್ನೊಬ್ಬರು ಒಂದು ಪತ್ರ ಟೈಪು ಮಾಡುವಂತಿಲ್ಲ. ಕನ್ನಡಕ್ಕೆ ಬದಲಾಯಿಸುವ ಕೀಲಿ ಎಲ್ಲಿ ಎಂದು ಕಟ್ಟಿದವರಿಗಷ್ಟೇ ಗೊತ್ತು. ಡಿಸ್ಕ್ ಸತ್ತರೆ ಎಲ್ಲ ಮತ್ತೆ ಮೊದಲಿನಿಂದ. ಏನೇನು ಮಾಡಿದ್ದೆವು ಎಂದು ಬರೆದಿಟ್ಟಿರುವುದಿಲ್ಲ. ಕಸ್ಟಮ್ ವ್ಯವಸ್ಥೆಯ ಹಿರಿಮೆಯನ್ನು ಹೊಗಳುವವರು ಈ ಮಾತು ಆಡುವುದು ಕಡಿಮೆ.

ಕೆಂಪಾಪುರದಲ್ಲಿ ಮೂರನೆಯ ಗುಂಪು ಒಂದಿದೆ, ಸಂಖ್ಯೆಯಲ್ಲಿ ಅದೇ ದೊಡ್ಡದು: ಪ್ರೆಸಿಡೆನ್ಸಿ, ಸಿಂಧಿ ಮೊದಲಾದ ಕಾಲೇಜುಗಳ ವಿದ್ಯಾರ್ಥಿಗಳು. ಬಿಸಿಎ ಓದುವ ಎಷ್ಟೋ ಮಕ್ಕಳಿಗೆ ಮೊದಲು ಸಿಗುವ ಸಿದ್ಧ ಪ್ಯಾಕೇಜು ನೀಲಿ ಪರದೆಯ ಟರ್ಬೊ ಸಿ ಪ್ಲಸ್ ಪ್ಲಸ್. ತೊಂಬತ್ತರ ದಶಕದ ಆರಂಭದ ಡಾಸ್ ಕಾಲದ ತಂತ್ರಾಂಶ. ಈಗಿನ ವಿಂಡೋಸ್‌ನಲ್ಲಿ ಅದು ನಡೆಯುವುದಿಲ್ಲವಾದ್ದರಿಂದ ಡಾಸ್‌ಬಾಕ್ಸ್ ಎಂಬ ಇನ್ನೊಂದು ತಂತ್ರಾಂಶದೊಳಗೆ ತುಂಬಿ, ಒಂದೇ ಸೆಟಪ್ ಮಾಡಿ ಯಾರೋ ಪುಣ್ಯಾತ್ಮರು ಹಂಚಿದ್ದಾರೆ. ಒತ್ತಿದರೆ ಸಾಕು, ನೀಲಿ ಪರದೆ ಹಾಜರ್. ಹೊಸಬರಿಗೆ ಇದಕ್ಕಿಂತ ಸುಲಭ ಬೇಕೇ? ಆದರೆ ಅದರ ಸಿ ಪ್ಲಸ್ ಪ್ಲಸ್, ಆ ಭಾಷೆಗೆ 1998ರಲ್ಲಿ ಮೊದಲ ಅಂತಾರಾಷ್ಟ್ರೀಯ ಶಿಷ್ಟತೆ ಬರುವುದಕ್ಕೂ ಹಿಂದಿನದು. ಇವತ್ತಿನ ಪುಸ್ತಕದ ಮೊದಲ ಪುಟದಲ್ಲಿರುವ ‘ನೇಮ್‌ಸ್ಪೇಸ್’ ಎಂಬ ಪದಕ್ಕೇ ಅದು ತಪ್ಪು ತೋರಿಸುತ್ತದೆ. ಪರದೆ ಅಳಿಸಲು ಅದರಲ್ಲಿ ಕಲಿತ ಆದೇಶ ಕಂಪನಿಯ ಲಿನಕ್ಸ್‌ನ ಜಿಸಿಸಿ ಕಂಪೈಲರಿಗೆ ಗೊತ್ತೇ ಇಲ್ಲ. ಒಳಗೆ ಕಲಿತದ್ದು ಹೊರಗೆ ನಡೆಯದು. ನುಡಿಯ ಕಡತಕ್ಕಾದ ಗತಿಯೇ ವಿದ್ಯಾರ್ಥಿಯ ಅಭ್ಯಾಸಕ್ಕೂ.

ಜಾಲತಾಣ ಕಟ್ಟುವುದನ್ನು ಕಲಿಯಲು ಕೊಡುವ ಕ್ಸಾಂಪ್ ಇದಕ್ಕಿಂತ ಎಷ್ಟೋ ಉತ್ತಮ. ಅಪಾಚೆ ಸರ್ವರ್, ಮರಿಯಾಡಿಬಿ ಡೇಟಾಬೇಸ್, ಪಿಎಚ್‌ಪಿ, ಪರ್ಲ್ ನಾಲ್ಕನ್ನೂ ಒಮ್ಮೆಗೇ ಕೂರಿಸುತ್ತದೆ. ಬಿಡಿಬಿಡಿಯಾಗಿ ಹಾಕಹೊರಟರೆ ಸಂಜೆ ಕಳೆದುಹೋಗುವ ಕೆಲಸ. ಒಳಗಿರುವುದು ಜಗತ್ತು ಬಳಸುವ ಅವೇ ತಂತ್ರಾಂಶಗಳು, ಆದ್ದರಿಂದ ಕಲಿತದ್ದು ಎಲ್ಲ ಕಡೆ ನಡೆಯುತ್ತದೆ. ಒಂದೇ ಎಚ್ಚರ ಬೇಕು. ಅದರ ಡೇಟಾಬೇಸಿನ ಮುಖ್ಯ ಖಾತೆಗೆ ಮೊದಲಿಗೆ ಪಾಸ್‌ವರ್ಡೇ ಇರುವುದಿಲ್ಲ. ಇದು ಕಲಿಕೆಗೆ, ಸಾರ್ವಜನಿಕ ಸರ್ವರಿಗೆ ಅಲ್ಲ ಎಂದು ತಯಾರಕರೇ ಹೇಳುತ್ತಾರೆ. ಪ್ರಾಜೆಕ್ಟ್ ಮುಗಿದ ಉತ್ಸಾಹದಲ್ಲಿ ಅದನ್ನೇ ಇಂಟರ್ನೆಟ್ಟಿಗೆ ತೆರೆದಿಟ್ಟರೆ ಮನೆಬಾಗಿಲು ತೆಗೆದು ಊರಿಗೆ ಹೋದಂತೆ.

ಪ್ಯಾಕೇಜಿನ ಯಜಮಾನರು ಷರತ್ತು ಬದಲಿಸಿದರೆ ಏನಾಗುತ್ತದೆ ಎಂಬುದೂ ಲೆಕ್ಕಕ್ಕೆ ಬರಬೇಕು. ಪೈಥಾನ್ ಕಲಿಯುವವರು ಹಾಕಿಕೊಳ್ಳುವ ಅನಕೊಂಡ, ನೂರಾರು ಲೈಬ್ರರಿಗಳನ್ನು ತುಂಬಿಕೊಂಡ ದೊಡ್ಡ ಪ್ಯಾಕೇಜು. 2020ರಲ್ಲಿ ಅದರ ಕಂಪನಿ, ದೊಡ್ಡ ವಾಣಿಜ್ಯ ಸಂಸ್ಥೆಗಳು ಹಣ ಕೊಟ್ಟೇ ಬಳಸಬೇಕು ಎಂದು ನಿಯಮ ತಂದಿತು. ಪೈಥಾನ್ ಭಾಷೆ ಮುಕ್ತವಾಗಿಯೇ ಇದ್ದುದರಿಂದ ಬೇಡವಾದವರು ಬೇರೆ ದಾರಿ ಹಿಡಿದರು. ಕನ್ನಡದಲ್ಲಿ ‘ಬರಹ’ವೂ ಉಚಿತವಾಗಿದ್ದು ಮುಂದೆ ಹಣ ಕೊಟ್ಟು ಪಡೆಯುವ ತಂತ್ರಾಂಶವಾಯಿತು. ಒಬ್ಬರೇ ಕೂತು ವರ್ಷಗಟ್ಟಲೆ ಮಾಡಿದ ಕೆಲಸಕ್ಕೆ ಬೆಲೆ ಕೇಳುವುದು ನ್ಯಾಯವೇ. ಆದರೆ ಯೂನಿಕೋಡ್‌ನಲ್ಲಿ ಬರೆದಿಟ್ಟವರು ಆಗಲೂ ನಿಶ್ಚಿಂತರಾಗಿದ್ದರು; ಹಳೆಯ ಫಾಂಟಿನವರಿಗೆ ಮಾತ್ರ ತಮ್ಮದೇ ಬರಹ ತೆರೆಯಲು ಒಂದು ತಂತ್ರಾಂಶದ ಹಂಗು.

ಈ ಅಪಾಯ ಗುರುತಿಸಿದವರು ಕನ್ನಡದಲ್ಲಿ ಬೇಗನೇ ಇದ್ದರು. ಪೂರ್ಣಚಂದ್ರ ತೇಜಸ್ವಿ ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಬಗ್ಗೆ ಪಟ್ಟುಹಿಡಿದು ಮಾತಾಡಿದರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು’ ತಂತ್ರಾಂಶ ಬಂದದ್ದು ಆ ಹೊತ್ತಿನಲ್ಲೇ. ಮುಂದೆ ಕನ್ನಡ ತಂತ್ರಾಂಶಕ್ಕೆಂದೇ ಡಾ. ಚಿದಾನಂದ ಗೌಡರ ನೇತೃತ್ವದ ಸಮಿತಿ ಕೆಲಸ ಮಾಡಿತು, ರಾಜ್ಯ ಸರ್ಕಾರವೂ ಯೂನಿಕೋಡನ್ನೇ ಶಿಷ್ಟತೆಯಾಗಿ ಒಪ್ಪಿತು. ಒಪ್ಪಿದ್ದು ಕಾಗದದ ಮೇಲೆ ಬೇಗ ಆಯಿತು, ಮೇಜಿನ ಮೇಲೆ ನಿಧಾನ. “ನುಡಿಯಲ್ಲೇ ಕಳಿಸಿ” ಎನ್ನುವ ಕಚೇರಿಗಳು, ಪ್ರಕಾಶಕರು, ಪತ್ರಿಕೆಗಳು ಇನ್ನೂ ಇವೆ. ಬರೆಯುವವರು ಮೊಬೈಲಿನಲ್ಲಿ ಯೂನಿಕೋಡ್‌ನಲ್ಲಿ ಬರೆಯುತ್ತಾರೆ, ಡಿಟಿಪಿಯವರು ಅದನ್ನು ಆಸ್ಕಿಗೆ ಪರಿವರ್ತಿಸುತ್ತಾರೆ, ಅಚ್ಚಾದ ಮೇಲೆ ಜಾಲತಾಣಕ್ಕೆಂದು ಮತ್ತೆ ಯೂನಿಕೋಡ್‌ಗೆ ತರುತ್ತಾರೆ. ಪ್ರತಿ ಸುತ್ತಿನಲ್ಲೂ ನಾಲ್ಕಾರು ತಪ್ಪು ಹೊಸದಾಗಿ ಸೇರಿಕೊಳ್ಳುತ್ತವೆ.

ಹಾಗಾದರೆ ಯಾರು ಏನು ಹಾಕಿಕೊಳ್ಳಬೇಕು? ಈಗಷ್ಟೇ ಕಂಪ್ಯೂಟರ್ ಕೊಂಡವರು ಹೊರಗಿನ ಯಾವ ಸೆಟಪ್ಪೂ ಹುಡುಕಬೇಕಾಗಿಲ್ಲ. ವಿಂಡೋಸ್‌ನ ಭಾಷಾ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಸೇರಿಸಿ, ಫೊನೆಟಿಕ್ ಕೀಲಿಮಣೆ ಆರಿಸಿ, ವಿಂಡೋಸ್ ಕೀಲಿಯ ಜತೆ ಸ್ಪೇಸ್ ಒತ್ತಿದರೆ ಆಯಿತು. ಸಿದ್ಧ ಪ್ಯಾಕೇಜು ಈಗ ಕಂಪ್ಯೂಟರಿನೊಳಗೇ ಇದೆ. ನುಡಿಗೆ ಕೈ ಒಗ್ಗಿದವರು ನುಡಿ ಬಿಡಬೇಕಾಗಿಲ್ಲ, ಹೊಸ ಆವೃತ್ತಿ ಹಾಕಿಸಿ ಯೂನಿಕೋಡ್ ಆಯ್ಕೆ ಮಾಡಿಕೊಂಡರೆ ಸಾಕು. ಬೆರಳಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಒಂದು ಮಾತು ನೆನಪಿರಲಿ: ನುಡಿ, ಬರಹ ಎರಡನ್ನೂ ಒಟ್ಟಿಗೆ ಚಾಲೂ ಇಟ್ಟರೆ ಎರಡೂ ನಿಮ್ಮ ಒತ್ತುಗಳಿಗೆ ಕಾದುಕೂತು ಕಿತ್ತಾಡುತ್ತವೆ. ಡಿಟಿಪಿ ಅಂಗಡಿಯವರು ಹಳೆಯ ಕಂಪ್ಯೂಟರ್ ಇಟ್ಟುಕೊಳ್ಳಲಿ, ಹಳೆಯ ಗಿರಾಕಿಗಳ ಕೆಲಸಕ್ಕೆ ಅದು ಬೇಕು. ಹೊಸ ಪುಸ್ತಕದ ಕೆಲಸ ಬಂದಾಗಲಾದರೂ ಇನ್‌ಡಿಸೈನ್‌ನಲ್ಲಿ ಶುರು ಮಾಡಲಿ. ಲಿನಕ್ಸ್ ಗೆಳೆಯರು ತಾವು ಜೋಡಿಸಿದ್ದರ ವಿವರವನ್ನು ಒಂದು ಪುಟ ಕನ್ನಡದಲ್ಲಿ ಬರೆದು ಪಕ್ಕದ ಮನೆಯವರಿಗೂ ಕೊಡಲಿ.

ಹಳೆಯ ಕಡತಗಳನ್ನು ಪರಿವರ್ತಿಸುವವರಿಗೆ ಇನ್ನೆರಡು ವಿಷಯ. ಉಚಿತ ಪರಿವರ್ತಕಗಳು ಬೇಕಾದಷ್ಟಿವೆ, ಆದರೆ ಅವು ಕೇಳುವ ಮೊದಲ ಪ್ರಶ್ನೆ ‘ಯಾವ ಫಾಂಟಿನಿಂದ’ ಎಂದು. ಬರಹ ಮತ್ತು ನುಡಿಯ ಫಾಂಟುಗಳ ಒಳಸಂಕೇತ ಒಂದೇ, ಆಕೃತಿ, ಶ್ರೀಲಿಪಿಗಳದ್ದು ಬೇರೆ. ತಪ್ಪು ಆರಿಸಿದರೆ ಕಸವೇ ಬರುತ್ತದೆ. ಕನ್ನಡದ ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡದ ಚೂರುಗಳೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿ ತಿರುಗಿಸುತ್ತದೆ. ಕರಡು ತಿದ್ದುವಾಗ ಅವನ್ನು ಹುಡುಕಿ ಸರಿಪಡಿಸಬೇಕು. ಮೂಲ ಕಡತವನ್ನು ಮಾತ್ರ ಅಳಿಸಬೇಡಿ.

ಪುಸ್ತಕ ಪ್ರಕಾಶಕರು, ಸಂಘಸಂಸ್ಥೆಗಳು, ಮಠಗಳು, ಊರಿನ ವಾರಪತ್ರಿಕೆಗಳು ತಮ್ಮ ಹಳೆಯ ಸಿಡಿ, ಹಾರ್ಡ್‌ಡಿಸ್ಕುಗಳನ್ನು ಈ ವರ್ಷವೇ ಹೊರತೆಗೆಸಲಿ. ಅವುಗಳಲ್ಲಿರುವುದನ್ನು ತೆರೆಯಬಲ್ಲ ಪೇಜ್‌ಮೇಕರ್ ಕಂಪ್ಯೂಟರುಗಳೂ, ಅದನ್ನು ಬಲ್ಲ ಕೈಗಳೂ ಸದ್ಯಕ್ಕೆ ಕೆಂಪಾಪುರದಂಥ ಕಡೆ ಇನ್ನೂ ಉಳಿದಿವೆ. ಆ ಅಂಗಡಿಗಳಿಗೆ ಹೋಗಿ ಕೆಲಸ ಕೊಡಿ, ಕೆಲಸಕ್ಕೆ ತಕ್ಕ ಹಣವನ್ನೂ ಕೊಡಿ.